ಯಾವ ತಳಿಯ ಇಲಿ?

'ಇಲಿಗಳ ಹೊಟ್ಟೆಗೆ ಪ್ರಿಸ್ಟೇನ್ ಚುಚ್ಚಲಾಯಿತು.' ವಿದ್ಯಾರ್ಥಿಗಳ ವರದಿಗಳಲ್ಲಿ ಈ ಸಾಲು ಕಂಡಾಗಲೆಲ್ಲ ನನ್ನ ಕೆಂಪು ಪೆನ್ನು ತಾನಾಗಿಯೇ ಏಳುತ್ತದೆ. ಪ್ರಿಸ್ಟೇನ್ ಎಂದರೆ ಖನಿಜ ಎಣ್ಣೆಯಲ್ಲಿರುವ ಒಂದು ಅಂಶ, ಪ್ರಯೋಗದ ಇಲಿಗಳಲ್ಲಿ ಗೆಡ್ಡೆ ಬರಿಸಲು ಬಳಸುವಂಥದ್ದು. ಯಾವ ಇಲಿ? 1959ರಲ್ಲಿ ಸಂಶೋಧಕರಾದ ಮರ್ವಿನ್ ಮತ್ತು ಆಲ್ಜೈರ್ ಇಲಿಗಳ ಹೊಟ್ಟೆಯೊಳಗೆ ಪ್ಲಾಸ್ಟಿಕ್ ಡಬ್ಬಿಗಳನ್ನಿಟ್ಟು, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಗೆಡ್ಡೆ ಕಂಡಾಗ, ಪ್ರಬಂಧದ ಶೀರ್ಷಿಕೆಯಲ್ಲೇ ಬ್ಯಾಲ್ಬ್-ಸಿ ಎಂದು ತಳಿಯ ಹೆಸರು ಬರೆದರು.

ಕಳೆದೊಂದು ವರ್ಷದ ದುಡಿಮೆಯನ್ನು ಹೊತ್ತು ಒಬ್ಬ ಹುಡುಗಿ ನನ್ನ ಬಳಿ ಬಂದಿದ್ದಳು. ಒಂದೂ ಗೆಡ್ಡೆ ಬಂದಿರಲಿಲ್ಲ. 'ಎಣ್ಣೆ ಕೆಟ್ಟಿರಬಹುದೇ ಸರ್?' ಸ್ಲೈಡ್ ನೋಡಿದೆ. ಕರುಳಿನ ಪೊರೆಯ ತುಂಬ ಗಂಟುಗಳು, ಎಣ್ಣೆಹನಿ ನುಂಗಿ ಉಬ್ಬಿದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು. ಎಣ್ಣೆ ತನ್ನ ಕೆಲಸ ಮಾಡಿತ್ತು. ಇಲಿಗಳು ಮಾತ್ರ ಈ ಗೆಡ್ಡೆಯನ್ನು ತಡೆದುಕೊಳ್ಳುವ ಸಿ57 ಕಪ್ಪು ತಳಿಯವು. ಮೊದಲ ದಿನವೇ ಯಾರಾದರೂ ಅವಳಿಗೆ ಹೇಳಬೇಕಿತ್ತು.

ಪ್ರಿಸ್ಟೇನ್ ವಿಷವೆಂದು ಭಾವಿಸುವುದೇ ತಪ್ಪಿನ ಬೇರು. ಅದು ನೇರವಾಗಿ ಡಿಎನ್‌ಎ ಮುರಿಯುವ ರಾಸಾಯನಿಕವಲ್ಲ. ಜೀರ್ಣವಾಗದೆ ಹೊಟ್ಟೆಯೊಳಗೆ ಉಳಿದು ತಿಂಗಳುಗಟ್ಟಲೆ ಉರಿಯೂತ ಉಂಟುಮಾಡುತ್ತದೆ. ಉರಿಯೂತದ ಕೋಶಗಳು ಐಎಲ್-6 ಎಂಬ ಸಂಕೇತ ಪ್ರೋಟೀನ್ ಸುರಿಸುತ್ತವೆ, ಅದರ ಬಲದಿಂದ ಪ್ಲಾಸ್ಮಾ ಕೋಶಗಳು ಬದುಕುತ್ತವೆ, ಹೆಚ್ಚುತ್ತವೆ. ಅವುಗಳಲ್ಲೊಂದರಲ್ಲಿ 12 ಮತ್ತು 15ನೆಯ ವರ್ಣತಂತುಗಳು ತುಂಡು ಬದಲಿಸಿಕೊಂಡು, ಕೋಶದ ಬೆಳವಣಿಗೆಗೆ ಚಾಲನೆ ಕೊಡುವ ಮಿಕ್ ಜೀನ್ ಪ್ರತಿಕಾಯದ ಜೀನಿನ ಪಕ್ಕ ಸೇರಿದರೆ ಗೆಡ್ಡೆಗೆ ದಾರಿ ತೆರೆಯಿತು. ಎರಡೆರಡು ತಿಂಗಳ ಅಂತರದಲ್ಲಿ ಮೂರು ಸಲ ಅರ್ಧ ಮಿಲಿಲೀಟರ್ ಚುಚ್ಚಿದರೆ, ಬ್ಯಾಲ್ಬ್-ಸಿ ಇಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವರ್ಷದೊಳಗೆ ಗೆಡ್ಡೆ ಬರುತ್ತದೆ. ಅದೇ ಎಣ್ಣೆ, ಅದೇ ಪ್ರಮಾಣ, ಡಿಬಿಎ-2 ತಳಿ ತಡೆದುಕೊಳ್ಳುತ್ತದೆ. ಬ್ಯಾಲ್ಬ್-ಸಿಯಲ್ಲೇ ಐಎಲ್-6 ಜೀನ್ ತೆಗೆದರೂ ಗೆಡ್ಡೆ ಏಳುವುದಿಲ್ಲ. ಉರಿಯೂತ ತಗ್ಗಿಸುವ ಇಂಡೊಮೆಥಾಸಿನ್ ಕೊಟ್ಟರೆ ಕಡಿಮೆಯಾಗುತ್ತದೆ, ರೋಗಾಣುರಹಿತ ಪ್ರಾಣಿಗೃಹದಲ್ಲಿ ಸಾಕಿದರೂ ಕಡಿಮೆಯೇ. ಆದ್ದರಿಂದ ಪ್ರಾಣಿಗೃಹದ ವಿವರವನ್ನೂ ಬರೆಯಿರಿ ಎನ್ನುತ್ತೇನೆ.

ರೋಗಿಗಳ ಮನೆಯವರೂ ಇದನ್ನು ಓದಿ ಗಾಬರಿಯಾಗಿ ಕೇಳುತ್ತಾರೆ: ಮಲಬದ್ಧತೆಗೆ ಕೊಟ್ಟ ಖನಿಜ ಎಣ್ಣೆಯಿಂದ ಅಪ್ಪನಿಗೆ ಮೈಲೋಮಾ, ಅಂದರೆ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್, ಬಂತೇ? ಕುಡಿದ ಎಣ್ಣೆಯೂ ಚುಚ್ಚಿದ ಎಣ್ಣೆಯೂ ಒಂದಲ್ಲ, ಮನುಷ್ಯರ ಮೈಲೋಮಾ ಹುಟ್ಟುವುದು ಮೂಳೆಮಜ್ಜೆಯಲ್ಲಿ. ಈ ಇಲಿಗಳನ್ನು ನೋಡಿ ಅಂಥ ತೀರ್ಮಾನಕ್ಕೆ ಬರಲು ನನಗೆ ಆಧಾರವಿಲ್ಲ. ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ ಎಂದು ಹೇಳಿ ಕಳುಹಿಸುತ್ತೇನೆ.

ಅಮೆರಿಕದ ಬೆಥೆಸ್ಡಾದ ಸಂಶೋಧಕ ಮೈಕೆಲ್ ಪಾಟರ್ 1962ರಿಂದ ಎಣ್ಣೆಯಿಂದ ಬೆಳೆಸಿದ ಗೆಡ್ಡೆಗಳನ್ನು ಕೇಳಿದವರಿಗೆಲ್ಲ ಹಂಚಿದರು. ಅವುಗಳಲ್ಲೊಂದಾದ ಎಂಒಪಿಸಿ-21ರ ಸಂತತಿಯ ಕೋಶಗಳಿಂದಲೇ 1975ರಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ ಮೊನೊಕ್ಲೋನಲ್ ಪ್ರತಿಕಾಯ, ಅಂದರೆ ಒಂದೇ ಕೋಶದ ಸಂತತಿ ತಯಾರಿಸುವ ಒಂದೇ ಬಗೆಯ ಪ್ರತಿಕಾಯ, ಪಡೆದರು. ಆ ಹುಡುಗಿಗೂ ಇದನ್ನು ಹೇಳಿದೆ. ಮರುವಾರ ಅವಳು ಹೊಸ ಪಂಜರಗಳಿಗೆ ಚೀಟಿ ಅಂಟಿಸುತ್ತಿದ್ದಳು, ಪ್ರತಿ ಚೀಟಿಯ ಮೊದಲ ಸಾಲಿನಲ್ಲಿ ತಳಿಯ ಹೆಸರಿತ್ತು.