ಬ್ಯಾಂಡ್‌ವಿಡ್ತ್: 4ಕೆ ಮಾನಿಟರ್‌ನಲ್ಲಿ ಮೌಸ್ ಯಾಕೆ ತೆವಳುತ್ತದೆ?

ಕಳೆದ ವರ್ಷ 27 ಇಂಚಿನ ಒಂದು 4ಕೆ ಮಾನಿಟರ್ ತಂದೆ. ಲ್ಯಾಪ್‌ಟಾಪಿಗೆ ಒಂದೇ ಒಂದು ಯುಎಸ್‌ಬಿ-ಸಿ ಕೇಬಲ್ ಚುಚ್ಚಿದೆ. ಚಿತ್ರ ಬಂತು, ಚಾರ್ಜೂ ಆಗತೊಡಗಿತು. ಅಕ್ಷರಗಳು ಅಚ್ಚು ಹಾಕಿದ ಹಾಗೆ ಕಾಣುತ್ತಿದ್ದವು. ಆದರೆ ಮೌಸ್ ಮಾತ್ರ ಕೈಗಿಂತ ಒಂದು ಹೆಜ್ಜೆ ಹಿಂದೆ. ಪುಟ ಸರಿಸಿದರೆ ಸಾಲುಗಳು ಕುಪ್ಪಳಿಸುತ್ತಿದ್ದವು. ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ವಿಂಡೋಸ್ ಅಪ್‌ಡೇಟ್ ಮಾಡಿದೆ. ಲ್ಯಾಪ್‌ಟಾಪಿಗೆ ವಯಸ್ಸಾಯಿತು ಅಂತ ಬೈದದ್ದೂ ಆಯಿತು. ಎರಡು ದಿನ ಬಿಟ್ಟು, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಒಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ನೋಡಿದೆ. ರಿಫ್ರೆಶ್ ರೇಟ್ 30 ಹರ್ಟ್ಜ್! ಸೆಕೆಂಡಿಗೆ 60 ಸಲ ಬದಲಾಗಬೇಕಿದ್ದ ಚಿತ್ರ 30 ಸಲವಷ್ಟೇ ಬದಲಾಗುತ್ತಿತ್ತು. ಪಟ್ಟಿಯಲ್ಲಿ 60 ಅನ್ನುವ ಆಯ್ಕೆಯೇ ಇರಲಿಲ್ಲ. ಲ್ಯಾಪ್‌ಟಾಪಿಗೆ ಶಕ್ತಿ ಸಾಕಷ್ಟಿತ್ತು. ಸಾಲದೆ ಬಂದದ್ದು ಬ್ಯಾಂಡ್‌ವಿಡ್ತ್.

ಬ್ಯಾಂಡ್ ಅಂದರೆ ಪಟ್ಟಿ, ವಿಡ್ತ್ ಅಂದರೆ ಅಗಲ. ಇದು ಮೊದಲು ರೇಡಿಯೋದವರ ಮಾತು. ಒಂದು ಸ್ಟೇಷನ್ನಿಗೆ ಎಷ್ಟು ಅಗಲದ ತರಂಗಪಟ್ಟಿ ಸಿಕ್ಕಿದೆ ಅನ್ನುವ ಲೆಕ್ಕ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್‌ನಲ್ಲೂ 102.9ರ ವಿವಿಧ ಭಾರತಿಯಲ್ಲೂ ಹಾಡು ಕೇಳಿದವರಿಗೆ ವ್ಯತ್ಯಾಸ ಗೊತ್ತು. ಮೀಡಿಯಂ ವೇವ್‌ನಲ್ಲಿ ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಇರುವುದು ಬರೀ 9 ಕಿಲೋಹರ್ಟ್ಜ್. ಅಷ್ಟು ಕಿರಿದಾದ ಜಾಗದಲ್ಲಿ ಗೆಜ್ಜೆಯ ಸಣ್ಣ ದನಿ ಹಿಡಿಸುವುದಿಲ್ಲ. ಎಫ್‌ಎಂಗೆ ಸುಮಾರು 200 ಕಿಲೋಹರ್ಟ್ಜ್ ಇರುವುದರಿಂದ ಅಲ್ಲಿ ಗೆಜ್ಜೆ ಗೆಜ್ಜೆಯ ಹಾಗೆಯೇ ಕೇಳುತ್ತದೆ.

ಕಂಪ್ಯೂಟರಿನವರು ಈ ಪದವನ್ನು ಎರವಲು ತಂದು, ಸೆಕೆಂಡಿಗೆ ಎಷ್ಟು ಬಿಟ್ (ಕಂಪ್ಯೂಟರಿನ ಸೊನ್ನೆ-ಒಂದುಗಳು) ಸಾಗಿಸಬಹುದು ಅನ್ನುವುದಕ್ಕೆ ಬಳಸಿದರು. ಬೆಂಗಳೂರಿನ ಆಫೀಸುಗಳಲ್ಲಿ ಇದಕ್ಕೆ ಮೂರನೇ ಅರ್ಥವೂ ಇದೆ. "ಈ ವಾರ ನಂಗೆ ಬ್ಯಾಂಡ್‌ವಿಡ್ತ್ ಇಲ್ಲ ಗುರು" ಅಂದರೆ, ಈ ಕೆಲಸ ನನ್ನ ತಲೆಗೆ ಕಟ್ಟಬೇಡ ಅಂತ.

4ಕೆ ಪರದೆ ಎಷ್ಟು ಕೇಳುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡೋಣ. ಅಡ್ಡಕ್ಕೆ 3840 ಚುಕ್ಕಿ, ಉದ್ದಕ್ಕೆ 2160. ಗುಣಿಸಿದರೆ 82,94,400. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್. ಅಲ್ಲಿಗೆ ಒಂದು ಚಿತ್ರಕ್ಕೆ ಹತ್ತಿರ ಹತ್ತಿರ 20 ಕೋಟಿ ಬಿಟ್. ಸೆಕೆಂಡಿಗೆ 60 ಚಿತ್ರ ಅಂದರೆ ಸುಮಾರು 12 ಗಿಗಾಬಿಟ್, ಅಂದರೆ 1200 ಕೋಟಿ ಬಿಟ್. ಚಿತ್ರಗಳ ನಡುವಿನ ಬಿಡುವಿಗೂ ಒಂದಿಷ್ಟು ಸೇರಿಸಬೇಕು.

ಈಗ ದಾರಿ ಎಷ್ಟು ದೊಡ್ಡದಿದೆ ನೋಡಿ. ಟಿವಿ, ಮಾನಿಟರುಗಳಿಗೆ ಚಿತ್ರ ಕಳಿಸುವ ಕಿಂಡಿ ಎಚ್‌ಡಿಎಂಐ. ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಅದರ 1.4 ಆವೃತ್ತಿ ಹೆಸರಿಗೆ ಸೆಕೆಂಡಿಗೆ 10.2 ಗಿಗಾಬಿಟ್. ಸಾಗಾಟಕ್ಕೆಂದೇ ಸೇರಿಸುವ ಹೆಚ್ಚುವರಿ ಬಿಟ್‌ಗಳ ಖರ್ಚು ಕಳೆದರೆ ಚಿತ್ರಕ್ಕೆ ಉಳಿಯುವುದು 8.16. ಹಾಗಾಗಿ ಅದರಲ್ಲಿ 4ಕೆ ಚಿತ್ರ 30 ಹರ್ಟ್ಜ್‌ಗೇ ನಿಲ್ಲುತ್ತದೆ. 2013ರಲ್ಲಿ ಬಂದ ಎಚ್‌ಡಿಎಂಐ 2.0 ಹೆಸರಿಗೆ 18, ಕೈಗೆ 14.4. ಇದರಲ್ಲಿ 60 ಆರಾಮಾಗಿ ಹೋಗುತ್ತದೆ. ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಇನ್ನೊಂದು ಥರದ ಮೋಸ. ಕೆಲವೊಮ್ಮೆ 60 ಹರ್ಟ್ಜ್ ಅಂತ ತೋರಿಸುತ್ತದೆ, ಆದರೆ ದಾರಿ ಸಾಲದೆ ಬಣ್ಣದ ವಿವರವನ್ನು ಅರ್ಧಕ್ಕಿಂತ ಜಾಸ್ತಿ ಕತ್ತರಿಸಿರುತ್ತದೆ. ಸಿನಿಮಾ ನೋಡುವಾಗ ಗೊತ್ತೇ ಆಗುವುದಿಲ್ಲ. ಕಪ್ಪಿನ ಮೇಲೆ ಕೆಂಪು ಅಕ್ಷರ ಓದಿ ನೋಡಿ, ಅಂಚು ಕದಡಿಹೋಗಿರುತ್ತದೆ.

ಹೊರಗಿನ ಗ್ರಾಫಿಕ್ಸ್ ಕಾರ್ಡ್, ಅಂದರೆ ಇ-ಜಿಪಿಯು ಹಾಕಿಕೊಂಡವರ ಗೋಳಿನ ಬೇರೂ ಬಹಳ ಸಲ ಇಲ್ಲೇ. ಡೆಸ್ಕ್‌ಟಾಪಿಗೆ ಹಾಕುವ ಕಾರ್ಡನ್ನು ಒಂದು ಪೆಟ್ಟಿಗೆಯೊಳಗೆ ಕೂರಿಸಿ, ಥಂಡರ್‌ಬೋಲ್ಟ್ ಅನ್ನುವ ಅತಿವೇಗದ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸುತ್ತಾರೆ. ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಅದೇ ಕಾರ್ಡಿಗೆ 16 ಲೇನ್ (ಡೇಟಾ ಓಡುವ ಹಾದಿ) ಸಿಗುತ್ತಿತ್ತು. ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐಇ ಸಂಪರ್ಕದ ಮೂರನೇ ತಲೆಮಾರಿನ ಲೆಕ್ಕದಲ್ಲಿ ಸುಮಾರು 126 ಗಿಗಾಬಿಟ್. 2015ರ ಥಂಡರ್‌ಬೋಲ್ಟ್ 3 ಡಬ್ಬಿಯ ಮೇಲೆ 40 ಅಂತ ಬರೆದಿರುತ್ತದೆ, ಕಾರ್ಡಿನ ಪಾಲಿಗೆ ಬರುವುದು ಹೆಚ್ಚೆಂದರೆ 32. ಕಾರ್ಡ್ ಅದೇ, ದಾರಿ ಕಾಲು ಭಾಗ. ಇದು ಸಾಲದು ಅಂತ ಗೇಮನ್ನು ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲೇ ಆಡಿದರೆ, ಪೆಟ್ಟಿಗೆಯಲ್ಲಿ ತಯಾರಾದ ಚಿತ್ರವೆಲ್ಲ ಅದೇ ಕೇಬಲ್ಲಿನಲ್ಲಿ ವಾಪಸ್ ಬರಬೇಕು. ಫ್ರೇಮ್ ರೇಟ್ ಬೀಳುತ್ತದೆ. ಮಾನಿಟರನ್ನು ನೇರವಾಗಿ ಪೆಟ್ಟಿಗೆಯ ಕಾರ್ಡಿಗೇ ಚುಚ್ಚಿದರೆ ಆ ವಾಪಸ್ ಪ್ರಯಾಣ ತಪ್ಪುತ್ತದೆ. ಅರ್ಧ ದೂರು ಅಲ್ಲಿಗೆ ಮುಗಿಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಹಾಗಂತ ಎಲ್ಲ ತಪ್ಪನ್ನೂ ಬ್ಯಾಂಡ್‌ವಿಡ್ತ್ ಮೇಲೆ ಹಾಕುವ ಹಾಗಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪಕ್ಕ ಹಳದಿ ಗುರುತು ಬಂದು ಕೋಡ್ 12 ಅಂತಿದ್ದರೆ ಅದರ ಕಥೆಯೇ ಬೇರೆ. ಕಾರ್ಡ್ ತನಗೆ ಬೇಕಾದಷ್ಟು ಮೆಮೊರಿ ವಿಳಾಸ ಕೇಳಿದೆ, ಲ್ಯಾಪ್‌ಟಾಪ್ ಅಷ್ಟು ಖಾಲಿ ಇಲ್ಲ ಅಂದಿದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದು ಮಾಮೂಲು. ಬಯಾಸ್ (ಲ್ಯಾಪ್‌ಟಾಪನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡುವುದು, ಒಳಗೆ ಇನ್ನೊಂದು ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನು ಡಿಸೇಬಲ್ ಮಾಡುವುದು, ಇವೇ ಮೊದಲ ಪ್ರಯತ್ನ. ಇನ್ನು ಆಪಲ್‌ನವರ ಎಂ1, ಎಂ2 ಥರದ ಚಿಪ್ ಇರುವ ಮ್ಯಾಕ್‌ಗಳಿಗೆ ಇ-ಜಿಪಿಯು ಬೆಂಬಲವನ್ನೇ ಕಂಪನಿ ಕೊಟ್ಟಿಲ್ಲ. ಅಲ್ಲಿ ಕೇಬಲ್ ಬದಲಿಸಿ ಸುಮ್ನೆ ದುಡ್ಡು ಕಳೆಯಬೇಡಿ.

ಆದರೆ ಉಳಿದ ಕಡೆ ಕೇಬಲ್ಲನ್ನು ಅನುಮಾನಿಸಲೇಬೇಕು. ಯುಎಸ್‌ಬಿ-ಸಿ ಕೇಬಲ್ಲುಗಳೆಲ್ಲ ನೋಡಲು ಅವಳಿ ಜವಳಿ. ಫೋನಿನ ಜೊತೆ ಬರುವ ಕೇಬಲ್ ಬಹಳ ಸಲ ಬರೀ 480 ಮೆಗಾಬಿಟ್ಟಿನದು. ಅದರೊಳಗೆ ಚಿತ್ರ ಸಾಗಿಸುವ ತಂತಿಗಳೇ ಇರುವುದಿಲ್ಲ. ಥಂಡರ್‌ಬೋಲ್ಟ್‌ನದಕ್ಕೆ ತುದಿಯಲ್ಲಿ ಸಣ್ಣ ಮಿಂಚಿನ ಗುರುತಿರುತ್ತದೆ.

ನನ್ನ ಮಾನಿಟರಿನ ವಿಷಯದಲ್ಲಿ ಕೇಬಲ್ಲೂ ಸರಿಯಿತ್ತು. ಯುಎಸ್‌ಬಿ-ಸಿ ಒಳಗೆ ವೇಗದ ಲೇನ್ ಇರುವುದು ನಾಲ್ಕು. ಮಾನಿಟರಿನ ಬೆನ್ನಿಗೆ ಯುಎಸ್‌ಬಿ ಕಿಂಡಿಗಳಿದ್ದವಲ್ಲ, ಅವುಗಳ ಸಲುವಾಗಿ ಎರಡು ಲೇನ್ ಮೀಸಲು. ಚಿತ್ರಕ್ಕೆ ಉಳಿದದ್ದು ಎರಡೇ. ಈ ಲೇನುಗಳಲ್ಲಿ ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್ ಪದ್ಧತಿಯ 1.2 ಆವೃತ್ತಿಯ ಲೆಕ್ಕದಲ್ಲಿ ಎರಡು ಲೇನಿಗೆ 8.64 ಗಿಗಾಬಿಟ್. 12 ಬೇಕಾದ ಕಡೆ ಅಷ್ಟೇ ಇದ್ದರೆ 30 ಹರ್ಟ್ಜ್ ಬಿಟ್ಟು ಇನ್ನೇನು ಬರುತ್ತದೆ, ಅಲ್ವಾ? ಮಾನಿಟರಿನ ಮೆನುವಿನಲ್ಲಿ ಯುಎಸ್‌ಬಿ ವೇಗ ಬೇಕೋ ರೆಸಲ್ಯೂಷನ್ ಬೇಕೋ ಅಂತ ಕೇಳುವ ಒಂದು ಆಯ್ಕೆ ಮೂಲೆಯಲ್ಲಿ ಕೂತಿತ್ತು. ರೆಸಲ್ಯೂಷನ್ ಅಂತ ಒತ್ತಿದೆ. ನಾಲ್ಕೂ ಲೇನ್ ಚಿತ್ರಕ್ಕೇ ಹೋದವು. ಪರದೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಬಂತು. ಮೌಸ್ ಕೈಯ ಜೊತೆಗೇ ಓಡಿತು. ಮಾನಿಟರಿನ ಬೆನ್ನಿಗೆ ಚುಚ್ಚಿದ್ದ ಹಾರ್ಡ್ ಡಿಸ್ಕ್ ಮಾತ್ರ ಅವತ್ತಿನಿಂದ ಎತ್ತಿನ ಗಾಡಿ. ಅದನ್ನೀಗ ಲ್ಯಾಪ್‌ಟಾಪಿನ ಇನ್ನೊಂದು ಕಿಂಡಿಗೆ ಹಾಕಿಕೊಂಡಿದ್ದೇನೆ.