ಒಂದೇ ತಪ್ಪಿಗೆ ಏಳೆಪ್ಪತ್ತು ಕ್ಷಮೆ

ನಾಲೆಗೆ ಕಟ್ಟು ನೀರು, ಅಂದರೆ ಸರದಿಯ ಮೇಲೆ ನೀರು, ಬಿಡುವ ವರ್ಷಗಳಲ್ಲಿ ಮಂಡ್ಯ ಜಿಲ್ಲೆಯ ಊರುಗಳಲ್ಲಿ ಜಗಳಕ್ಕೇನೂ ಬರವಿಲ್ಲ. ಶ್ರೀರಂಗಪಟ್ಟಣದ ಆಸುಪಾಸಿನ ಒಂದು ಕ್ರೈಸ್ತ ಮನೆಯನ್ನು ಕಲ್ಪಿಸಿಕೊಳ್ಳಿ. ಅಣ್ಣ ತಮ್ಮಂದಿರಿಗೆ ಅಕ್ಕಪಕ್ಕದ ಗದ್ದೆ. ತಮ್ಮನ ಸರದಿಯ ರಾತ್ರಿ ಅಣ್ಣ ಬದು ಕಡಿದು ನೀರು ತಿರುಗಿಸಿಕೊಂಡ, ತಮ್ಮನ ಒಟ್ಲು (ಭತ್ತದ ಸಸಿಮಡಿ) ಒಣಗಿಹೋಯಿತು. ಅಲ್ಲಿಂದಾಚೆಗೆ ಇಬ್ಬರಿಗೂ ಮಾತಿಲ್ಲ. ಭಾನುವಾರದ ಪೂಜೆಗೆ ಇಬ್ಬರೂ ಬರುತ್ತಾರೆ. ಅಣ್ಣ ಎಡಗಡೆಯ ಬೆಂಚಿನಲ್ಲಿ, ತಮ್ಮ ಬಲಗಡೆ ಕಂಬದ ಮರೆಯಲ್ಲಿ. ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದು ಫಾದರ್ ಹೇಳಿದಾಗ ತಮ್ಮ ಮುಂದಿನವರಿಗೆ ಕೈ ಮುಗಿಯುತ್ತಾನೆ, ಹಿಂದಿನವರಿಗೆ ಮುಗಿಯುತ್ತಾನೆ, ಪಕ್ಕದಲ್ಲಿ ಚಪ್ಪಲಿ ಕಚ್ಚುತ್ತಾ ಕೂತ ಮಗುವಿಗೂ ಮುಗಿಯುತ್ತಾನೆ. ಎಡಕ್ಕೆ ಮಾತ್ರ ಕತ್ತು ತಿರುಗುವುದಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಪರಲೋಕ ಮಂತ್ರದಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನೂ ಅವನೇ.

ಅವನನ್ನು ಕಪಟಿ ಎಂದುಬಿಡಬಹುದು. ಆದರೆ ಅವನಂಥವರೇ ಹೆಚ್ಚು ಎನ್ನುತ್ತದೆ ಮನಃಶಾಸ್ತ್ರ. ಮೈಕಲ್ ಮೆಕಲಾ ಮತ್ತು ಎವರೆಟ್ ವರ್ದಿಂಗ್ಟನ್ ಎಂಬ ಅಮೆರಿಕದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು 1999ರಲ್ಲಿ ಒಂದು ಮುಜುಗರದ ಸಂಗತಿಯನ್ನು ಎತ್ತಿ ತೋರಿಸಿದರು. ಕ್ಷಮಿಸುವುದು ದೊಡ್ಡದೇ, ನೀವು ಕ್ಷಮಿಸುವವರೇ ಎಂದು ಸುಮ್ಮನೆ ಕೇಳಿದರೆ, ದೈವಭಕ್ತಿ ಹೆಚ್ಚಿದ್ದವರು ಹೌದು ಎನ್ನುವುದೂ ಹೆಚ್ಚು. ಸರಿ, ನಿಮಗೆ ನಿಜವಾಗಿ ನೋವು ಮಾಡಿದ ಆ ಒಬ್ಬರನ್ನು ಕ್ಷಮಿಸಿದ್ದೀರಾ ಎಂದು ಕೇಳಿದರೆ, ಭಕ್ತರಿಗೂ ಉಳಿದವರಿಗೂ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಗುತ್ತದೆ. ನಂಬಿಕೆ ಇದ್ದಲ್ಲೇ ಇರುತ್ತದೆ, ಅಣ್ಣನ ಮುಖ ಕಂಡಾಗ ಮಾತ್ರ ಕೆಲಸಕ್ಕೆ ಬರುವುದಿಲ್ಲ.

ಈ ಪ್ರಶ್ನೆ ವಿಜ್ಞಾನಿಗಳ ಕಣ್ಣಿಗೆ ಬಿದ್ದಿದ್ದೇ ತಡವಾಗಿ. ಮೈಸೂರಿಗೆ ಮನಃಶಾಸ್ತ್ರ ಹೊಸದಲ್ಲ. ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಅದಕ್ಕೊಂದು ವಿಭಾಗ ಇತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರು ಮಾಡಿದವರು ಎಂಬುದು ಬೇರೆ ಕತೆ. ಆದರೆ ಪ್ರಪಂಚದ ಯಾವ ಮೂಲೆಯಲ್ಲೂ ಆ ಕಾಲದ ಮನಃಶಾಸ್ತ್ರಜ್ಞರು ಕ್ಷಮೆಯ ತಂಟೆಗೆ ಹೆಚ್ಚು ಹೋಗಲಿಲ್ಲ. ಸಿಟ್ಟು, ಭಯ, ನೆನಪು ಇವನ್ನು ತಾವಿಟ್ಟುಕೊಂಡು ಕ್ಷಮೆಯನ್ನು ಪಾದ್ರಿಗಳಿಗೆ ಬಿಟ್ಟುಕೊಟ್ಟರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ರಾಬರ್ಟ್ ಎನ್‌ರೈಟ್ ಅದನ್ನೇ ಹಿಡಿದು ಕೂತದ್ದು 1980ರ ದಶಕದಲ್ಲಿ.

ಮುನಿಸಿನ ದೇಹ ಹೇಗಿರುತ್ತದೆ ನೋಡೋಣ. ಯಾರೋ ನಮ್ಮ ಗದ್ದೆಯ ನೀರು ಕದ್ದರು ಎಂದು ಗೊತ್ತಾದ ಕ್ಷಣ ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಸ್ವಲ್ಪ ತಡವಾಗಿ ಕಾರ್ಟಿಸಾಲ್. ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಅಂಗೈ ಬೆವರುತ್ತದೆ. ಹೊಡೆದಾಟಕ್ಕೋ ಓಡುವುದಕ್ಕೋ ಇದು ಬೇಕು. ಗೋಳು ಏನೆಂದರೆ, ಕೂತು ನೆನೆಸಿಕೊಂಡರೂ ದೇಹ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ಮಿಷಿಗನ್‌ನ ಹೋಪ್ ಕಾಲೇಜಿನಲ್ಲಿ ಷಾರ್ಲಟ್ ವಿಟ್ವ್ಲೀಟ್ ಮತ್ತು ಸಂಗಡಿಗರು 71 ವಿದ್ಯಾರ್ಥಿಗಳಿಗೆ, ತಮಗೆ ನಿಜವಾಗಿಯೂ ನೋವು ಮಾಡಿದ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ ಎಂದರು. ಒಂದು ಸಲ ಆ ನೋವನ್ನು ಮತ್ತೆ ಮೆಲುಕು ಹಾಕಬೇಕು, ಒಂದು ಸಲ ಹಗೆ ಸಾಧಿಸಬೇಕು, ಒಂದು ಸಲ ಅವರೂ ಮನುಷ್ಯರೇ ಎಂದು ನೋಡಬೇಕು, ಒಂದು ಸಲ ಕ್ಷಮಿಸಿದಂತೆ ಊಹಿಸಬೇಕು. ಅಷ್ಟೂ ಹೊತ್ತು ಮೈಗೆ ತಂತಿಗಳನ್ನು ಅಂಟಿಸಿದ್ದರು. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೆಲುಕು ಮತ್ತು ಹಗೆಯ ಹೊತ್ತಿನಲ್ಲಿ ಹುಬ್ಬು ಗಂಟಿಕ್ಕುವ ಸ್ನಾಯು ಬಿಗಿಯಾಗಿತ್ತು, ಎದೆಬಡಿತ ಮತ್ತು ರಕ್ತದೊತ್ತಡ ಹೆಚ್ಚು ಏರಿದ್ದವು. ಇನ್ನು ಸಾಕು, ಸುಮ್ಮನಿರಿ ಎಂದ ಮೇಲೂ ಆ ಬಿಗಿ ಕೂಡಲೇ ಇಳಿಯಲಿಲ್ಲ.

ಇದರಿಂದ, ಕ್ಷಮಿಸಿದರೆ ಬಿಪಿ ಮಾತ್ರೆ ಬಿಡಬಹುದು ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ದಯವಿಟ್ಟು ನಂಬಬೇಡಿ. ಅದು ಕಾಲೇಜು ಹುಡುಗ ಹುಡುಗಿಯರ ಮೇಲೆ ನಡೆದ ಸ್ವಲ್ಪ ಹೊತ್ತಿನ ಪ್ರಯೋಗ. ಅದು ತೋರಿಸಿದ್ದು ಇಷ್ಟೇ: ಆ ರಾತ್ರಿ ಒಂದು ಸಲ ಆದ ನಷ್ಟಕ್ಕೆ ನಮ್ಮ ದೇಹ ಎಷ್ಟು ಸಲ ಬೇಕಾದರೂ ಬಡ್ಡಿ ಕಟ್ಟುತ್ತದೆ.

ಹಾಗಾದರೆ ಒಳಗಿರುವುದನ್ನು ಕಕ್ಕಿಬಿಟ್ಟರೆ? ಒಂದು ಸಲ ಕೂಗಾಡಿಬಿಡು, ಹಗುರವಾಗುತ್ತೆ ಎಂದು ಅರಳಿಕಟ್ಟೆಯಲ್ಲಿ ಹೇಳುವವರಿದ್ದಾರೆ, ಓದಿಕೊಂಡವರೂ ಹೇಳುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 600 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ. ಮೊದಲು ಅವರು ಬರೆದ ಪ್ರಬಂಧವನ್ನು ಕಟುವಾಗಿ ಹಳಿದು ಕೆರಳಿಸಿದ. ಆಮೇಲೆ ಕೆಲವರಿಗೆ, ಹಳಿದವನನ್ನೇ ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಿ ಎಂದ. ಕೆಲವರಿಗೆ ವ್ಯಾಯಾಮವೆಂದುಕೊಂಡು ಗುದ್ದಿ ಎಂದ. ಉಳಿದವರನ್ನು ಸುಮ್ಮನೆ ಕೂರಿಸಿದ. ಕೊನೆಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದವರು ಅವನನ್ನು ನೆನೆದು ಗುದ್ದಿದವರು. ಎಲ್ಲರಿಗಿಂತ ಕಡಿಮೆ ಜಗಳಕ್ಕೆ ಹೋದವರು ಏನೂ ಮಾಡದೆ ಕೂತವರು. ಸಿಟ್ಟು ಕಕ್ಕಿದರೆ ಖಾಲಿಯಾಗುವುದಿಲ್ಲ. ಕಕ್ಕುವಾಗ ಯಾರನ್ನು ನೆನೆಯುತ್ತೇವೋ ಅವರ ಮೇಲೆ ಇನ್ನಷ್ಟು ಹದವಾಗಿ ಕೂರುತ್ತದೆ.

ತಮ್ಮನ ಕತೆಗೆ ಇನ್ನೊಂದು ಮಗ್ಗುಲಿದೆ. ಅಣ್ಣನನ್ನು ಕೇಳಿದರೆ ಬೇರೆಯೇ ಹೇಳುತ್ತಾನೆ. ನೀರುಗಂಟಿ ತೂಬು ಮುಚ್ಚೋಕೆ ಬಂದಿದ್ದ, ನನ್ನ ಸರದಿ ಹಿಂದಿನ ವಾರವೇ ತಪ್ಪಿತ್ತು, ನಾಲ್ಕು ಗುದ್ದಲಿ ಮಣ್ಣು ತೆಗೆದದ್ದಕ್ಕೆ ಇಷ್ಟು ದೊಡ್ಡದು ಮಾಡ್ತಾನಲ್ಲ, ಅದೂ ಆಗಿಹೋದದ್ದು! ಅವನು ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು. ಮನಃಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 1990ರ ಒಂದು ಅಧ್ಯಯನದಲ್ಲಿ ಒಬ್ಬೊಬ್ಬರಿಂದಲೂ ಎರಡೆರಡು ಕತೆ ಬರೆಸಿದರು: ಬೇರೆಯವರು ನಿಮ್ಮನ್ನು ಕೆರಳಿಸಿದ್ದು, ನೀವು ಬೇರೆಯವರನ್ನು ಕೆರಳಿಸಿದ್ದು. ನೋವುಂಡವರಾಗಿ ಬರೆದಾಗ ಆ ಘಟನೆ ಉದ್ದ, ಅದಕ್ಕೆ ಹಿಂದಿನ ಅನ್ಯಾಯಗಳ ಸರಣಿ, ಇಂದಿಗೂ ಆರದ ಗಾಯ. ನೋವು ಮಾಡಿದವರಾಗಿ ಬರೆದಾಗ ಅದು ಚಿಕ್ಕದು, ಕಾರಣವಿದ್ದದ್ದು, ಎಂದೋ ಮುಗಿದದ್ದು. ಬರೆದವರು ಅದೇ ಜನ ಎಂಬುದನ್ನು ಗಮನಿಸಿ. ಒಳ್ಳೆಯವರು ಕೆಟ್ಟವರು ಎಂಬ ಭೇದವಲ್ಲ ಅದು, ಕೂತ ಜಾಗದ ಭೇದ. ಮಂಡ್ಯ ಕೋರ್ಟಿನ ಭಾಗದ ದಾವೆಗಳಲ್ಲಿ ಎರಡು ಕಡೆಯವರ ಹೇಳಿಕೆ ಕೇಳಿದ ಯಾವ ವಕೀಲರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲೆ ಹೆಸರು ಬಂದ ವರ್ದಿಂಗ್ಟನ್ ಸ್ವತಃ ಕ್ರೈಸ್ತ ವಿಶ್ವಾಸಿ, ಕ್ಷಮೆಯ ಮೇಲೆ ಸಂಶೋಧನೆ ನಡೆಸುತ್ತಿದ್ದವರು. 1996ರ ಹೊಸ ವರ್ಷದ ಹೊತ್ತಿಗೆ ಅವರ ವಯಸ್ಸಾದ ತಾಯಿಯನ್ನು ಮನೆಗೆ ನುಗ್ಗಿದ ಕಳ್ಳ ಹೊಡೆದು ಕೊಂದ. ಆ ದಿನ ಗೋಡೆಗೆ ಒರಗಿಸಿದ್ದ ಬೇಸ್‌ಬಾಲ್ ಬ್ಯಾಟನ್ನು ನೋಡಿ, ಅವನು ಕೈಗೆ ಸಿಕ್ಕಿದರೆ ತಲೆ ಒಡೆಯುತ್ತೇನೆ ಎಂದುಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಕ್ಷಮೆಯ ಪರಿಣತನೊಬ್ಬ ಹೀಗೆಂದ ಎಂಬುದು ನನಗೆ ಅವರ ಪ್ರಬಂಧಗಳಷ್ಟೇ ಮುಖ್ಯ. ಅವರ ವಿಧಾನ ಐದು ಹೆಜ್ಜೆಯದು. ಆದದ್ದನ್ನು ಬಣ್ಣ ಹಚ್ಚದೆ ನೆನೆಯಬೇಕು. ಅವನು ಯಾಕೆ ಹಾಗೆ ಮಾಡಿರಬಹುದು ಎಂದು ಅವನ ಜಾಗದಲ್ಲಿ ಕೂತು ನೋಡಬೇಕು. ತಾನೂ ಎಂದೋ ಯಾರಿಂದಲೋ ಕ್ಷಮೆ ಪಡೆದದ್ದನ್ನು ನೆನೆದು, ಅರ್ಹತೆ ಲೆಕ್ಕಿಸದೆ ಅದನ್ನು ಇವನಿಗೂ ಕೊಡಬೇಕು. ಕ್ಷಮಿಸಿದ್ದೇನೆ ಎಂದು ಬರೆದಿಡಬೇಕು ಅಥವಾ ಒಬ್ಬರ ಮುಂದೆ ಹೇಳಬೇಕು. ನಾಳೆ ಸಿಟ್ಟು ಮರಳಿ ಬಂದಾಗ ಆ ನಿರ್ಧಾರವನ್ನು ಬಿಡದೆ ಹಿಡಿದುಕೊಳ್ಳಬೇಕು. ಕೊಲಂಬಿಯ, ಹಾಂಗ್‌ಕಾಂಗ್, ಇಂಡೊನೇಷ್ಯ, ದಕ್ಷಿಣ ಆಫ್ರಿಕ, ಉಕ್ರೇನ್‌ಗಳ 4598 ಜನರ ಮೇಲೆ ಇದನ್ನು ಪರೀಕ್ಷಿಸಲಾಗಿದೆ. ಸಲಹೆಗಾರರಿಲ್ಲದೆ, ಸುಮಾರು ಮೂರು ಗಂಟೆಯಲ್ಲಿ ತಾವೇ ತುಂಬಬಹುದಾದ ಒಂದು ಅಭ್ಯಾಸ ಪುಸ್ತಕ, ಅಷ್ಟೇ. ಅದನ್ನು ಮೊದಲು ಪಡೆದವರಲ್ಲಿ, ಆಮೇಲೆ ಕೊಡುತ್ತೇವೆಂದು ಕಾಯಲು ಹೇಳಿದವರಿಗಿಂತ, ಮುನಿಸೂ ಇಳಿದಿತ್ತು, ಖಿನ್ನತೆ ಆತಂಕಗಳೂ ಸ್ವಲ್ಪ ಇಳಿದಿದ್ದವು.

ಐದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕೊನೆಯದು. ವರ್ದಿಂಗ್ಟನ್ ಎರಡು ಕ್ಷಮೆಗಳನ್ನು ಬೇರೆ ಮಾಡುತ್ತಾರೆ. ಇನ್ನು ಸೇಡಿಗೆ ಹೋಗುವುದಿಲ್ಲ ಎಂಬ ನಿರ್ಧಾರ ಒಂದು. ಅದನ್ನು ಒಂದು ಗಳಿಗೆಯಲ್ಲಿ ಮಾಡಬಹುದು. ಒಳಗಿನ ಕಹಿ ಇಳಿಯುವುದು ಇನ್ನೊಂದು. ಅದು ನಿಧಾನವಾಗಿ ತನ್ನ ಪಾಡಿಗೆ ಬರುತ್ತದೆ, ಹೇಳಿದ ದಿನಕ್ಕೆ ಬರುವುದಿಲ್ಲ. ಫಾದರ್ ಮುಂದೆ ಪಾಪನಿವೇದನೆ ಮಾಡಿ ಬಂದ ಸಂಜೆಯೇ ಅಣ್ಣನ ಬೈಕಿನ ಸದ್ದು ಕೇಳಿ ಎದೆ ಉರಿದರೆ, ನನ್ನ ಕ್ಷಮೆ ಸುಳ್ಳಾಯಿತು ಎಂದು ತಮ್ಮ ಕೈಚೆಲ್ಲುತ್ತಾನೆ. ಸುಳ್ಳಾಗಿಲ್ಲ. ಮೊದಲನೆಯದು ಆಗಿದೆ, ಎರಡನೆಯದು ಬಾಕಿ ಇದೆ.

ಯೇಸುವನ್ನು ಅವನ ಶಿಷ್ಯ ಪೇತ್ರ ಕೇಳಿದ ಪ್ರಶ್ನೆಯನ್ನು ನಾನು ಇಲ್ಲಿಟ್ಟು ಓದುತ್ತೇನೆ. ನನ್ನ ಸೋದರ ತಪ್ಪು ಮಾಡುತ್ತಲೇ ಇದ್ದರೆ ಎಷ್ಟು ಸಲ ಕ್ಷಮಿಸಲಿ, ಏಳು ಸಲವೇ? ಏಳಲ್ಲ, ಏಳೆಪ್ಪತ್ತು ಸಲ ಎನ್ನುತ್ತಾನೆ ಯೇಸು. ಸಾಮಾನ್ಯವಾಗಿ ಇದನ್ನು ತಪ್ಪುಗಳ ಲೆಕ್ಕವೆಂದು ತಿಳಿಯುತ್ತೇವೆ. ಆದರೆ ಬದು ಕಡಿದದ್ದು ಒಂದೇ ರಾತ್ರಿ. ಅದು ನೆನಪಾಗುವುದು ನೀರು ಬಿಟ್ಟಾಗಲೆಲ್ಲ, ಒಟ್ಲು ಹಾಕಿದಾಗಲೆಲ್ಲ, ಮದುವೆ ಮನೆಯ ಪಂಕ್ತಿಯಲ್ಲಿ ಎದುರು ಬದುರಾದಾಗಲೆಲ್ಲ. ಅಷ್ಟೂ ಸಲ ದೇಹ ಮತ್ತೆ ಏರುತ್ತದೆ, ಹಾಗಾಗಿ ಕ್ಷಮೆಯೂ ಅಷ್ಟೂ ಸಲ ಆಗಬೇಕಾಗುತ್ತದೆ. ಏಳನ್ನು ಎಪ್ಪತ್ತರಿಂದ ಗುಣಿಸಿದ ಆ 490 ಎಂಬುದು ಒಂದೇ ತಪ್ಪಿನ ಲೆಕ್ಕವಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ದೇವಶಾಸ್ತ್ರಜ್ಞರು ಒಪ್ಪುತ್ತಾರೋ ಇಲ್ಲವೋ, ತಂತಿ ಅಂಟಿಸಿಕೊಂಡು ಕೂತ ಆ 71 ವಿದ್ಯಾರ್ಥಿಗಳು ಒಪ್ಪಿಯಾರು.

ಬೈಬಲಿನಲ್ಲಿ ಅದರ ಬೆನ್ನಿಗೇ ಬರುವ ಸಾಮತಿಯಲ್ಲೂ, ಅಂದರೆ ಯೇಸು ಹೇಳಿದ ನೀತಿಕತೆಯಲ್ಲೂ, ಲೆಕ್ಕವೇ ಇದೆ. ಒಡೆಯ ತನ್ನ ಆಳಿಗೆ ಮನ್ನಾ ಮಾಡಿದ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ ಸುಮಾರು 6000 ದಿನದ ಕೂಲಿ, ಅಂದರೆ ಒಟ್ಟು 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಅದೇ ಆಳಿಗೆ ಜೊತೆಯ ಆಳು ಕೊಡಬೇಕಿದ್ದದ್ದು ನೂರು ದಿನದ ಕೂಲಿ, ಅದನ್ನು ಅವನು ಬಿಟ್ಟುಕೊಡಲಿಲ್ಲ. ಉಪದೇಶ ಮಾಡುವವರು ಈ ನೂರನ್ನು ಚಿಲ್ಲರೆ ಎಂದು ತಳ್ಳಿಬಿಡುತ್ತಾರೆ. ನರೇಗಾ ಕಾಯ್ದೆ ಒಂದು ಮನೆಗೆ ವರ್ಷಕ್ಕೆ ಖಾತರಿ ಕೊಟ್ಟದ್ದು ನೂರೇ ದಿನದ ಕೆಲಸ. ಅದನ್ನು ನಂಬಿ ಬದುಕಿದವರಿಗೆ ಅದು ಚಿಲ್ಲರೆಯಲ್ಲ. ಒಣಗಿದ ಒಟ್ಲೂ ಅಷ್ಟೇ. ಕತೆ ಆ ನಷ್ಟವನ್ನು ಅಲ್ಲಗಳೆಯುವುದಿಲ್ಲ.

ಇನ್ನು ಪ್ರಾರ್ಥನೆ. ಚೀಲ ಗುದ್ದಿಸಿದ ಅದೇ ಬುಷ್‌ಮನ್, 2011ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಇನ್ನೊಂದು ಪ್ರಯೋಗ ಪ್ರಕಟಿಸಿದ. ಹಾಗೇ ಹಳಿದು ಕೆರಳಿಸಿದ ಮೇಲೆ, ಕ್ಯಾನ್ಸರಿನಿಂದ ನರಳುತ್ತಿರುವ ಒಬ್ಬ ವಿದ್ಯಾರ್ಥಿನಿಯ ಸುದ್ದಿ ಓದಲು ಕೊಟ್ಟು, ಕೆಲವರಿಗೆ ಅವಳಿಗಾಗಿ ಪ್ರಾರ್ಥಿಸಿ ಎಂದ, ಕೆಲವರಿಗೆ ಅವಳ ಬಗ್ಗೆ ಯೋಚಿಸಿ ಎಂದಷ್ಟೇ ಹೇಳಿದ. ಪ್ರಾರ್ಥಿಸಿದವರ ಸಿಟ್ಟು ಹೆಚ್ಚು ಇಳಿದಿತ್ತು. ಪ್ರಾರ್ಥನೆ ಎಲ್ಲಿಗೆ ತಲುಪಿತು ಎಂಬುದು ಪ್ರಯೋಗಶಾಲೆಯ ಪ್ರಶ್ನೆಯಲ್ಲ. ಪ್ರಾರ್ಥಿಸುವವನ ಗಮನ ತನ್ನ ಗಾಯದಿಂದ ಎದ್ದು ಇನ್ನೊಬ್ಬರ ಕಡೆ ಹೋಯಿತು ಎಂಬಷ್ಟನ್ನು ಅದರಿಂದ ಊಹಿಸಬಹುದು. ಸಂತ ಫಿಲೋಮಿನಾ ಚರ್ಚಿನಲ್ಲಿ ಮೊಂಬತ್ತಿ ಹಚ್ಚಿ ನಿಂತವರಲ್ಲಿ ಎಷ್ಟು ಜನ ತಮಗೆ ಆಗದವರ ಹೆಸರು ಹೇಳುತ್ತಾರೋ. ಹೇಳಬೇಕೆಂದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ.

ಈಗ ಅಹಿತವಾದ ಮಾತು. ಜೇಮ್ಸ್ ಮೆಕ್‌ನಲ್ಟಿ ಎಂಬ ಸಂಶೋಧಕರು ಹೊಸದಾಗಿ ಮದುವೆಯಾದ ದಂಪತಿಗಳನ್ನು ಮೊದಲ ನಾಲ್ಕು ವರ್ಷ ಹಿಂಬಾಲಿಸಿದರು. ಬೇಗ ಕ್ಷಮಿಸುವ ಸ್ವಭಾವದವರ ಸಂಗಾತಿಗಳ ಹೊಡೆತ ಬೈಗುಳ ಇದ್ದ ಹಾಗೇ ಮುಂದುವರಿದವು. ಅಷ್ಟು ಸುಲಭವಾಗಿ ಕ್ಷಮಿಸದವರ ಸಂಗಾತಿಗಳಲ್ಲಿ ಅವು ಕಾಲ ಕಳೆದಂತೆ ಇಳಿದವು. ಕುಡಿದು ಬಂದು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ತವರಿಗೆ ಬಂದವಳಿಗೆ, ಕ್ಷಮಿಸಮ್ಮ, ಶಿಲುಬೆ ಹೊರಬೇಕು ಎಂದು ಬುದ್ಧಿ ಹೇಳಿ ವಾಪಸ್ ಬಸ್ಸು ಹತ್ತಿಸುವ ಹಿರಿಯರು ನಮ್ಮಲ್ಲಿ ಇದ್ದಾರೆ. ನನ್ನ ಕಣ್ಣಿಗೆ ಅದು ಬೈಬಲಿನ ದುರ್ಬಳಕೆ. ನಿನ್ನ ಸೋದರ ತಪ್ಪು ಮಾಡಿದರೆ ಅವನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದು ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವಾಗ ಗದರಿಸುವುದು ಮೊದಲು ಬರುತ್ತದೆ. ಎನ್‌ರೈಟ್, ವರ್ದಿಂಗ್ಟನ್ ಇಬ್ಬರೂ ಒತ್ತಿ ಹೇಳುವುದು ಇದನ್ನೇ: ಕ್ಷಮಿಸುವುದಕ್ಕೆ ಒಬ್ಬರು ಸಾಕು, ರಾಜಿಗೆ ಇಬ್ಬರು ಬೇಕು. ಕ್ಷಮಿಸಿದವಳು ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಬಹುದು, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣೆ ಕೇಳಬಹುದು, ಮತ್ತೆಂದೂ ಆ ಮನೆಯ ಹೊಸಿಲು ತುಳಿಯದಿರಬಹುದು.

ನಮ್ಮ ದೇಶದಲ್ಲೇ ಇದಕ್ಕೊಂದು ಉದಾಹರಣೆ ಇದೆ. 1999ರ ಜನವರಿಯ ಒಂದು ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳು, 10 ವರ್ಷದ ಫಿಲಿಪ್ ಮತ್ತು 6 ವರ್ಷದ ತಿಮೊತಿಯರನ್ನೂ ಗುಂಪೊಂದು ವಾಹನದೊಳಗೆ ಸುಟ್ಟು ಕೊಂದಿತು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮಗಳೊಂದಿಗೆ ಬಾರಿಪದದಲ್ಲೇ ಉಳಿದು ಆ ರೋಗಿಗಳ ಕೆಲಸ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೊಕದ್ದಮೆ ಅದರ ಪಾಡಿಗೆ ನಡೆಯಿತು. ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ ವಿಚಾರಣಾ ನ್ಯಾಯಾಲಯ 2003ರಲ್ಲಿ ಮರಣದಂಡನೆ ಕೊಟ್ಟಿತು, ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, ಸುಪ್ರೀಂ ಕೋರ್ಟ್ 2011ರಲ್ಲಿ ಆ ಜೀವಾವಧಿಯನ್ನೇ ಎತ್ತಿಹಿಡಿಯಿತು. ಗ್ಲಾಡಿಸ್ ಅವರ ಕ್ಷಮೆಯಿಂದ ಆ ತೀರ್ಪು ಹಗುರವಾಗಲಿಲ್ಲ, ಹಗುರವಾಗಲಿ ಎಂದು ಅವರು ಕ್ಷಮಿಸಿದ್ದೂ ಅಲ್ಲ.