ಸಮ ಓಟು ಬಿದ್ದರೆ ಇಂಗ್ಲೆಂಡಿನಲ್ಲಿ ಮತ್ತೆ ಚುನಾವಣೆ ನಡೆಸುತ್ತಾರಾ?

ಪ್ರಶ್ನೆ: ಇಂಗ್ಲೆಂಡಿನ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಚುನಾವಣೆಯಲ್ಲಿ ಇಬ್ಬರಿಗೆ ಸರಿಸಮ ಓಟು ಬಂದರೆ ಏನು ಮಾಡುತ್ತಾರೆ? ಮತ್ತೆ ಮತದಾನ ಇರುತ್ತದಾ?

ಇರುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಚೀಟಿ ಎತ್ತುತ್ತಾರಲ್ಲ, ಅಲ್ಲೂ ಹಾಗೇ. ಚೀಟಿಯಲ್ಲಿ ಯಾರ ಹೆಸರು ಬರುತ್ತದೋ ಅವರಿಗೆ ಒಂದು ಓಟು ಜಾಸ್ತಿ ಬಿದ್ದಿದೆ ಎಂದು ಲೆಕ್ಕ ಹಿಡಿದು ಗೆದ್ದವರೆಂದು ಘೋಷಿಸುತ್ತಾರೆ. ಭಾರತದ ಕಾನೂನಿನಲ್ಲೂ ಹೆಚ್ಚುಕಡಿಮೆ ಇದೇ ಮಾತಿದೆ. ಆದರೆ ಚೀಟಿಯನ್ನೇ ಎತ್ತಬೇಕೆಂದು ಇಂಗ್ಲೆಂಡಿನ ನಿಯಮ ಹೇಳುವುದಿಲ್ಲ. ಅದೃಷ್ಟ ನೋಡಿ ತೀರ್ಮಾನಿಸಿ ಎನ್ನುತ್ತದೆ, ಅಷ್ಟೇ. ಹೇಗೆ ಅನ್ನುವುದು ಚುನಾವಣಾಧಿಕಾರಿಗೆ ಬಿಟ್ಟಿದ್ದು. ನಾಣ್ಯ ಚಿಮ್ಮಿದರೂ ನಡೆಯುತ್ತದೆ, ಕಡ್ಡಿ ಎಳೆಸಿದರೂ ನಡೆಯುತ್ತದೆ.

ಕಡ್ಡಿ ಎಳೆಸಿದ್ದು ಸುಮ್ನೆ ಬಾಯಿಮಾತಲ್ಲ. ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡಿರುವ ನಾರ್ಥಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್‌ಗೆ 2017ರ ಮೇ 4ರಂದು ಮತದಾನ ನಡೆಯಿತು. ಒಟ್ಟು 67 ಸೀಟು, ಬಹುಮತಕ್ಕೆ 34 ಬೇಕು. ಸೌತ್ ಬ್ಲೈತ್ ಅನ್ನುವ ಒಂದು ವಾರ್ಡಿನಲ್ಲಿ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿ ಲೆಸ್ಲಿ ರಿಕರ್ಬಿಗೆ 356 ಓಟು. ಕನ್ಸರ್ವೇಟಿವ್ ಅಭ್ಯರ್ಥಿಗೂ 356. ಮತ್ತೆ ಎಣಿಸಿದರೂ ಲೆಕ್ಕ ಅಲ್ಲಾಡಲಿಲ್ಲ. ಕೊನೆಗೆ ಇಬ್ಬರೂ ಒಂದೊಂದು ಕಡ್ಡಿ ಎಳೆದರು. ಉದ್ದದ ಕಡ್ಡಿ ರಿಕರ್ಬಿ ಕೈಗೆ ಬಂತು. ಅವರು ಕೌನ್ಸಿಲರ್ ಆದರು.

ಇಷ್ಟೇ ಆಗಿದ್ದರೆ ಒಂದು ತಮಾಷೆಯ ಸುದ್ದಿಯಾಗಿ ಮುಗಿದುಹೋಗುತ್ತಿತ್ತು. ಆದರೆ ಒಟ್ಟು ಫಲಿತಾಂಶ ನೋಡಿ: ಕನ್ಸರ್ವೇಟಿವ್ 33, ಲೇಬರ್ 24, ಪಕ್ಷೇತರರು 7, ಲಿಬರಲ್ ಡೆಮಾಕ್ರಾಟ್ 3. ಆ ಕಡ್ಡಿ ಇನ್ನೊಂದು ಕೈಗೆ ಹೋಗಿದ್ದರೆ ಕನ್ಸರ್ವೇಟಿವ್ ಪಕ್ಷಕ್ಕೆ ಸರಿಯಾಗಿ 34 ಆಗುತ್ತಿತ್ತು! ಇಡೀ ಕೌಂಟಿಯ ಬಹುಮತ ಒಂದು ಕಡ್ಡಿಯ ಉದ್ದಕ್ಕೆ ಬಂದು ನಿಂತಿತ್ತು.

ಹಾಗಾದರೆ ಅಧಿಕಾರ ಕೈತಪ್ಪಿತಾ? ಅದೂ ಇಲ್ಲ. ಯಾರಿಗೂ ಬಹುಮತ ಬರದ ಇಂಥ ಅತಂತ್ರ ಕೌನ್ಸಿಲ್‌ಗಳು ಇಂಗ್ಲೆಂಡಿನಲ್ಲಿ ತೀರಾ ಮಾಮೂಲಿ. ಗೆದ್ದ ಕೌನ್ಸಿಲರ್‌ಗಳೆಲ್ಲ ಸಭೆ ಸೇರಿ ನಾಯಕರನ್ನು ಆರಿಸುತ್ತಾರೆ. ವಿರೋಧಿಗಳೆಲ್ಲ ಒಟ್ಟಾಗದಿದ್ದರೆ, ಅಥವಾ ಕೆಲವರು ಓಟು ಹಾಕದೆ ತಟಸ್ಥರಾಗಿ ಉಳಿದರೂ ಸಾಕು, ದೊಡ್ಡ ಪಕ್ಷ ಅಲ್ಪಮತದಲ್ಲೇ ಆಡಳಿತ ಹಿಡಿಯುತ್ತದೆ. ನಾರ್ಥಂಬರ್‌ಲ್ಯಾಂಡ್‌ನಲ್ಲೂ ಕನ್ಸರ್ವೇಟಿವ್ ಪಕ್ಷದ ಪೀಟರ್ ಜಾಕ್ಸನ್ ನಾಯಕರಾದರು. ಆದರೆ ಅಲ್ಪಮತದ ಕುರ್ಚಿ ಯಾವತ್ತೂ ಗಟ್ಟಿಯಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವಿಶ್ವಾಸ ನಿರ್ಣಯದಲ್ಲಿ ಸೋತು ಅವರು ಇಳಿಯಬೇಕಾಯಿತು.

ಜನರ ಓಟಿನ ಬದಲು ಕಡ್ಡಿ ತೀರ್ಮಾನಿಸುವುದು ಸರಿಯಾ ಅಂತ ಕೇಳುವವರಿದ್ದಾರೆ. ನನಗಂತೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಹಿಂದೆ, 1886ರಲ್ಲಿ, ಆಶ್ಟನ್-ಅಂಡರ್-ಲೈನ್ ಪಾರ್ಲಿಮೆಂಟ್ ಕ್ಷೇತ್ರದಲ್ಲಿ ಸಮ ಓಟು ಬಿದ್ದಾಗ ಚುನಾವಣಾಧಿಕಾರಿಯೇ ತಮ್ಮ ಓಟು ಹಾಕಿ ಒಬ್ಬರನ್ನು ಗೆಲ್ಲಿಸಿದ್ದರು. ಅದಕ್ಕಿಂತ ಕಡ್ಡಿಯೇ ವಾಸಿ ಅಲ್ವಾ? ಅದಕ್ಕೆ ಪಕ್ಷ ಇಲ್ಲ. ಇನ್ನು ಮರು ಚುನಾವಣೆ ಅಂದರೆ ಖರ್ಚು, ಕಾಯುವಿಕೆ. ಸೋಲು ಗೆಲುವಿನ ಕಾವಿನಲ್ಲಿ ಎರಡನೇ ಸಲ ಬರುವ ಮತದಾರರ ಮನಸ್ಸೂ ಮೊದಲಿನ ಹಾಗಿರುವುದಿಲ್ಲ.

ನಮ್ಮಲ್ಲಿ 2004ರ ವಿಧಾನಸಭೆ ಚುನಾವಣೆಯ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ನೆನಪಿರುವವರಿಗೆ ಒಂದು ಓಟಿನ ಬೆಲೆ ಹೇಳಬೇಕಾಗಿಲ್ಲ. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಅಲ್ಲಿ ಒಂದೇ ಒಂದು ಓಟು ಆಚೀಚೆ ಆಗಿದ್ದರೂ ಚೀಟಿ ಎತ್ತುವ ಪ್ರಸಂಗ ಬರುತ್ತಿತ್ತೇನೋ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಲು ಬ್ರಿಟಿಷ್ ಪೌರತ್ವ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, 18 ತುಂಬಿ ವೀಸಾ ಮೇಲೆ ಕಾನೂನುಬದ್ಧವಾಗಿ ನೆಲೆಸಿರುವವರಿಗೂ ಹಕ್ಕಿದೆ. ಮತದಾನಕ್ಕೆ 12 ಕೆಲಸದ ದಿನ ಮುಂಚೆಯೇ ಪಟ್ಟಿಗೆ ಹೆಸರು ಸೇರಿಸಿರಬೇಕು. 2023ರ ಮೇ ತಿಂಗಳಿಂದ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯವಾಗಿದೆ. ನಿಮ್ಮ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಸಾಕು.